ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆ: ಸ್ಲೈಡ್ ಮಾಡುವ ಬಗೆ, ಅದರಲ್ಲಿ ಪ್ರೋಟೀನ್‌ಗಳ ಕೆಲಸ ಗುರುತಿಸುವ ಬಗೆ

ಪಿಯುಸಿಯಲ್ಲಿ ಬಯಾಲಜಿ ಓದಿದವರು ಈರುಳ್ಳಿ ಬೇರಿನ ಸ್ಲೈಡನ್ನು ಒಂದು ಸಲವಾದರೂ ನೋಡಿರುತ್ತಾರೆ. ವಿಭಜನೆಯ ಹಂತಗಳಾದ ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಅಂತ ನಾಲ್ಕು ಚಿತ್ರ ಬರೆದು, ಭಾಗಗಳಿಗೆ ಹೆಸರು ಹಾಕಿ, ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡರೆ ಅಲ್ಲಿಗೆ ಮುಗಿಯಿತು. ಒಂದು ಕೋಶ ಯಾಕೆ ವಿಭಜನೆಗೆ ಹೊರಟಿತು, ಅದರ ಪಕ್ಕದ್ದು ಯಾಕೆ ಸುಮ್ಮನೆ ಕೂತಿದೆ, ನಡುವೆ ಸಾಲಾಗಿ ನಿಂತ ಕ್ರೋಮೋಸೋಮ್‌ಗಳು ಯಾವ ಅಪ್ಪಣೆಗೆ ಕಾಯುತ್ತಿವೆ? ಇದನ್ನು ಕೇಳುವಷ್ಟು ಹೊತ್ತು ಲ್ಯಾಬ್‌ನಲ್ಲಿ ಸಿಗುವುದಿಲ್ಲ. ಈ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಪ್ರೋಟೀನ್‌ಗಳಲ್ಲಿ.

ನಮ್ಮ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಆ ಪ್ರೋಟೀನ್‌ಗಳು ಕಾಣುವುದಿಲ್ಲ. ಆದರೆ ಅವು ಮಾಡಿದ ಕೆಲಸ ಕಾಣುತ್ತದೆ. ಸ್ಲೈಡಿನಲ್ಲಿ ಕಾಣುವ ಒಂದೊಂದು ಚಿತ್ರದ ಹಿಂದೆ ಯಾವ ಪ್ರೋಟೀನ್ ಇದೆ ಅಂತ ಗೊತ್ತಿದ್ದರೆ, ಅದೇ ಹಳೇ ಪ್ರಯೋಗ ಪೂರ್ತಿ ಹೊಸದಾಗಿ ಕಾಣುತ್ತದೆ. ಹಾಗಾಗಿ ಈ ಬರಹದಲ್ಲಿ ಎರಡೂ ಇವೆ: ಒಳ್ಳೆಯ ಸ್ಲೈಡ್ ಮಾಡುವುದು, ಆಮೇಲೆ ಅದನ್ನು ಓದುವುದು. ಪಿಯುಸಿ, ಬಿಎಸ್ಸಿ ಹುಡುಗ ಹುಡುಗಿಯರಿಗೂ, ಅವರಿಗೆ ಪಾಠ ಮಾಡುವವರಿಗೂ ಉಪಯೋಗವಾಗಲಿ ಅಂತ ಬರೆದದ್ದು.

ಈರುಳ್ಳಿಯೇ ಯಾಕೆ?

ಈರುಳ್ಳಿ ಹೂ ಬಿಡುವ ಗಿಡ. ಬೀಜಕ್ಕಾಗಿ ಬೆಳೆಯುವ ರೈತರ ಹೊಲದಲ್ಲಿ ಅದರ ಬಿಳಿ ಹೂಗೊಂಚಲು ನೋಡಬಹುದು. ಗೆಡ್ಡೆಯನ್ನೇ ಕೊಂಡು ತಿನ್ನುವ ನಮಗೆ ಹೂವಿನ ನೆನಪು ಬರುವುದಿಲ್ಲ, ಅಷ್ಟೇ. ಅದರ ಕೋಶದಲ್ಲಿರುವುದು 16 ಕ್ರೋಮೋಸೋಮ್. ಡಿಎನ್ಎ ಮಾತ್ರ ಮನುಷ್ಯನದಕ್ಕಿಂತ ಸುಮಾರು 5 ಪಟ್ಟು ಜಾಸ್ತಿ. ಅಷ್ಟೊಂದು ಡಿಎನ್ಎ 16 ಕ್ರೋಮೋಸೋಮ್‌ಗಳಲ್ಲಿ ಹಂಚಿಹೋಗಿರುವುದರಿಂದ ಒಂದೊಂದೂ ದಪ್ಪವಾಗಿ, ಉದ್ದವಾಗಿ ಕಾಣುತ್ತದೆ. ಗಿಡದ ಕೋಶ ವಿಭಜನೆಯ ಪ್ರೋಟೀನ್‌ಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಬಂದಿರುವುದು ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಿಂದ. ಅದರ ಜೀನೋಮ್, ಅಂದರೆ ಡಿಎನ್ಎಯಲ್ಲಿರುವ ಬರಹ, 2000ರಲ್ಲೇ ಪ್ರಕಟವಾಯಿತು. ಆದರೆ ಅದರ 10 ಕ್ರೋಮೋಸೋಮ್‌ಗಳು ತೀರಾ ಚಿಕ್ಕವು, ಕಾಲೇಜು ಮೈಕ್ರೋಸ್ಕೋಪಿಗೆ ಸರಿಹೋಗುವುದಿಲ್ಲ. ಹಾಗಾಗಿ ಕಣ್ಣಿಗೆ ಈರುಳ್ಳಿ, ವಿವರಣೆಗೆ ಅರಬಿಡಾಪ್ಸಿಸ್. ಮುಖ್ಯವಾದ ಪ್ರೋಟೀನ್ ಕುಟುಂಬಗಳು ಹೂ ಬಿಡುವ ಗಿಡಗಳಲ್ಲೆಲ್ಲ ಇರುವುದರಿಂದ ಈ ಜೋಡಣೆ ನಡೆಯುತ್ತದೆ.

ಹಂತ 1: ಬೇರು ಬರಿಸುವುದು

ಗಟ್ಟಿಯಾದ, ಕೊಳೆಯದ ಈರುಳ್ಳಿ ಆರಿಸಿಕೊಳ್ಳಿ. ಸಾಂಬಾರ್ ಈರುಳ್ಳಿಯೂ ಆಗುತ್ತದೆ, ಅದು ಚಿಕ್ಕ ಗ್ಲಾಸಿನ ಮೇಲೆ ಚೆನ್ನಾಗಿ ಕೂರುತ್ತದೆ. ಬುಡದಲ್ಲಿರುವ ಒಣಗಿದ ಹಳೇ ಬೇರುಗಳನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಬುಡದ ಗಟ್ಟಿ ಬಿಲ್ಲೆಗೆ ಏಟಾಗಬಾರದು, ಹೊಸ ಬೇರು ಬರುವುದು ಅಲ್ಲಿಂದಲೇ. ಗ್ಲಾಸಿನ ತುಂಬ ನೀರು ಹಾಕಿ, ಬುಡ ಮಾತ್ರ ನೀರಿಗೆ ತಾಗುವಂತೆ ಈರುಳ್ಳಿಯನ್ನು ಕೂರಿಸಿ. ಬೇಕಾದರೆ ಮೂರು ಕಡೆ ಹಲ್ಲುಕಡ್ಡಿ ಚುಚ್ಚಿ ನಿಲ್ಲಿಸಿ. ದಿನಾ ನೀರು ಬದಲಾಯಿಸಿ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಹಿಂದಿನ ರಾತ್ರಿಯೇ ತೆರೆದ ಪಾತ್ರೆಯಲ್ಲಿ ಹಿಡಿದಿಡಿ.

ಮೂರರಿಂದ ಐದು ದಿನದಲ್ಲಿ ಎರಡು ಮೂರು ಸೆಂಟಿಮೀಟರ್ ಬೇರು ಬರುತ್ತದೆ. ಆಗಷ್ಟೇ ಕಿತ್ತ ಈರುಳ್ಳಿಗೆ ಸುಪ್ತಾವಸ್ಥೆ ಇರುತ್ತದೆ, ಅದು ತಡ ಮಾಡುತ್ತದೆ. ಅದಕ್ಕೇ ಮೂರು ನಾಲ್ಕು ಈರುಳ್ಳಿ ಒಟ್ಟಿಗೆ ಇಡುವುದು ಒಳ್ಳೇದು.

ಇಲ್ಲೇ ಒಂದು ವಿಷಯ ಗಮನಿಸಿ. ಗ್ಲಾಸಿನಲ್ಲಿ ಇರುವುದು ಬರೀ ನೀರು. ಗೊಬ್ಬರ ಇಲ್ಲ, ಮಣ್ಣಿಲ್ಲ. ಆದರೂ ಬೇರಿನ ತುದಿಯ ಕೋಶಗಳು ಒಂದೇ ಸಮನೆ ವಿಭಜನೆಯಾಗುತ್ತವೆ. ಅದಕ್ಕೆ ಬೇಕಾದ ಸಕ್ಕರೆ ಗೆಡ್ಡೆಯಿಂದ ಇಳಿದು ಬರುತ್ತದೆ. ಆ ಸಕ್ಕರೆ ಹೊಟ್ಟೆ ತುಂಬಿಸುವುದರ ಜೊತೆಗೆ ವಿಭಜನೆಗೆ ಸಂಕೇತವೂ ಆಗುತ್ತದೆ. ಅದು ಹೇಗೆ ಅಂತ ಸ್ಲೈಡ್ ಓದುವಾಗ ಹೇಳುತ್ತೇನೆ.

ಹಂತ 2: ಕತ್ತರಿಸಿ, ಇದ್ದಲ್ಲೇ ನಿಲ್ಲಿಸುವುದು

ಬೆಳಿಗ್ಗೆ 8ರಿಂದ 10ರೊಳಗೆ ಬೇರಿನ ತುದಿ ಕತ್ತರಿಸುವುದು ನಮ್ಮ ಲ್ಯಾಬ್‌ಗಳ ರೂಢಿ. ಹೊತ್ತು, ತಂಪು, ಬಿಸಿಲು ಎಲ್ಲವೂ ವಿಭಜನೆಯ ಮೇಲೆ ಪರಿಣಾಮ ಮಾಡುತ್ತವೆ. ಮಾದರಿ ಒಂದೇ ಸಲ ತೆಗೆಯುವ ಬದಲು ಅರ್ಧ ಗಂಟೆಗೊಮ್ಮೆ ನಾಲ್ಕೈದು ತುದಿ ಕತ್ತರಿಸಿ ಬೇರೆ ಬೇರೆ ಸೀಸೆಗೆ ಹಾಕಿ, ಮೇಲೆ ಸಮಯ ಬರೆದಿಡಿ. ಯಾವ ಸೀಸೆಯಲ್ಲಿ ವಿಭಜನೆ ಜಾಸ್ತಿ ಇದೆ ಅಂತ ನಿಮಗೇ ಗೊತ್ತಾಗುತ್ತದೆ.

ಕತ್ತರಿಸಿದ ತುದಿ ತಕ್ಷಣ ಫಿಕ್ಸೇಟಿವ್‌ಗೆ ಬೀಳಬೇಕು. 3 ಭಾಗ ಆಲ್ಕೋಹಾಲ್, 1 ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲ, ಆಗಷ್ಟೇ ಬೆರೆಸಿದ್ದು. 24 ಗಂಟೆ ಅದರಲ್ಲಿರಲಿ. ಆಮೇಲೆ 70% ಆಲ್ಕೋಹಾಲ್‌ಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಬಹಳ ದಿನ ಇಟ್ಟುಕೊಳ್ಳಬಹುದು. ಈ ಆಮ್ಲ ಚರ್ಮ ಸುಡುತ್ತದೆ, ಆವಿ ಮೂಗಿಗೆ ಹೊಡೆಯುತ್ತದೆ. ಮನೆಯಲ್ಲಿ ಬೇರು ಬೆಳೆಸಿ, ಇಲ್ಲಿಂದ ಮುಂದಿನದನ್ನೆಲ್ಲ ಲ್ಯಾಬ್‌ನಲ್ಲೇ ಮಾಡಿ. ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ಆಲ್ಕೋಹಾಲ್ ಸೀಸೆ ಸ್ಪಿರಿಟ್ ಲ್ಯಾಂಪಿನ ಹತ್ತಿರ ಇರಲೇಬಾರದು.

ಫಿಕ್ಸ್ ಮಾಡುವುದು ಅಂದರೆ ಏನು? ಕೋಶದೊಳಗಿನ ಪ್ರೋಟೀನ್‌ಗಳೆಲ್ಲ ಹೆಪ್ಪುಗಟ್ಟಿ ಅಲ್ಲಲ್ಲೇ ನಿಂತುಬಿಡುತ್ತವೆ. ಬೇರಿನ ಕೋಶಗಳು ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಒಂದೊಂದೂ ಒಂದೊಂದು ಹಂತದಲ್ಲಿರುತ್ತದೆ. ಅದಕ್ಕೇ ಒಂದೇ ಕ್ಷಣದಲ್ಲಿ ನಿಲ್ಲಿಸಿದ ಒಂದೇ ಬೇರಿನಲ್ಲಿ ಎಲ್ಲ ಹಂತಗಳೂ ಸಿಗುತ್ತವೆ.

ಹಂತ 3: ಮೆತ್ತಗೆ ಮಾಡಿ, ಬಣ್ಣ ಹಾಕಿ, ಒತ್ತುವುದು

ತುದಿಗಳನ್ನು ನೀರಿನಲ್ಲಿ ತೊಳೆದು, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 60 ಡಿಗ್ರಿ ಶಾಖದಲ್ಲಿ, 5ರಿಂದ 10 ನಿಮಿಷ ಇಡಿ. ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಆಮ್ಲದಲ್ಲಿ ಕರಗುತ್ತದೆ. ಈ ಹಂತ ಕಡಿಮೆಯಾದರೆ ಎಷ್ಟು ಒತ್ತಿದರೂ ಕೋಶಗಳು ಬಿಡಿಬಿಡಿಯಾಗುವುದಿಲ್ಲ. ಜಾಸ್ತಿಯಾದರೆ ಎಲ್ಲ ಕಲಸಿಹೋಗುತ್ತದೆ. ಮುಟ್ಟಿದರೆ ಮೆತ್ತಗಿರಬೇಕು, ಫೋರ್ಸೆಪ್ಸ್‌ನಲ್ಲಿ ಎತ್ತಿದರೆ ಮುರಿಯಬಾರದು.

ಮತ್ತೆ ತೊಳೆದು ಸ್ಲೈಡ್ ಮೇಲಿಡಿ. ಎರಡು ಮೂರು ಹನಿ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ. ಸ್ಪಿರಿಟ್ ಲ್ಯಾಂಪಿನ ಮೇಲೆ ಆಗಾಗ ಸೋಕಿಸಿ ಬೆಚ್ಚಗೆ ಮಾಡಿ, ಕುದಿಯಬಾರದು, ಒಣಗಲೂಬಾರದು. ಹತ್ತು ಹದಿನೈದು ನಿಮಿಷಕ್ಕೆ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಕಡುಕೆಂಪಾಗಿ, ಅದರ ಮೇಲಿನ ಭಾಗ ಪೇಲವವಾಗಿ ಉಳಿಯುತ್ತದೆ.

ಈ ವ್ಯತ್ಯಾಸವನ್ನು ಒಂದು ನಿಮಿಷ ನೋಡಿ. ಕಡುಕೆಂಪಾದ ಜಾಗವೇ ವಿಭಜನೆಯ ವಲಯ. ಅಲ್ಲಿನ ಕೋಶಗಳು ಚಿಕ್ಕವು, ಕೋಶಕೇಂದ್ರ ದೊಡ್ಡದು, ಹಾಗಾಗಿ ಬಣ್ಣ ಗಾಢ. ಅದರ ಮೇಲಿನ ಕೋಶಗಳು ವಿಭಜನೆ ನಿಲ್ಲಿಸಿ ಉದ್ದವಾಗುತ್ತಿವೆ. ಎರಡೂ ಕಡೆ ಜೀನ್‌ಗಳು ಒಂದೇ. ಬೇರೆಯಾಗಿರುವುದು ಯಾವ ಪ್ರೋಟೀನ್ ತಯಾರಾಗುತ್ತಿದೆ, ಯಾವುದು ನಾಶವಾಗುತ್ತಿದೆ ಅನ್ನೋದು.

ಕೆಂಪು ತುದಿಯ ಎರಡು ಮಿಲಿಮೀಟರ್ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿ ಬಿಸಾಕಿ. ಹೊಸಬರು ಬೇರನ್ನು ಜಾಸ್ತಿ ಉಳಿಸಿಕೊಂಡು, ಸ್ಲೈಡ್ ತುಂಬ ಉದ್ದ ಕೋಶಗಳನ್ನು ನೋಡಿ ಬೇಜಾರಾಗುತ್ತಾರೆ. ಹೊಸ ಹನಿ ಬಣ್ಣ ಹಾಕಿ, ಗಾಳಿಗುಳ್ಳೆ ಬಾರದಂತೆ ಕವರ್‌ಸ್ಲಿಪ್ ಓರೆಯಾಗಿ ಇಳಿಸಿ. ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಆಮೇಲೆ ಬ್ಲಾಟಿಂಗ್ ಪೇಪರ್ ಮಡಿಕೆಯಲ್ಲಿಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಕವರ್‌ಸ್ಲಿಪ್ ಅಕ್ಕಪಕ್ಕ ಜಾರಿದರೆ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ, ಮತ್ತೆ ಹೊಸ ತುದಿಯಿಂದ ಶುರುಮಾಡಬೇಕು.

ಹಂತ 4: ಸುಮ್ಮನಿರುವ ಕೋಶಗಳನ್ನು ಓದುವುದು

10ರ ಲೆನ್ಸಿನಲ್ಲಿ ಕೆಂಪು ಜಾಗ ಹುಡುಕಿ, 40ಕ್ಕೆ ಹೋಗಿ. ಎಲ್ಲರ ಕಣ್ಣೂ ಮೊದಲು ಚಂದದ ಮೆಟಾಫೇಸ್, ಅನಾಫೇಸ್ ಹುಡುಕುತ್ತದೆ. ನಾನು ಹೇಳುವುದಾದರೆ, ಮೊದಲು ಇಂಟರ್‌ಫೇಸ್ ಕೋಶಗಳನ್ನೇ, ಅಂದರೆ ಎರಡು ವಿಭಜನೆಗಳ ನಡುವೆ ಇರುವ ಕೋಶಗಳನ್ನೇ ನೋಡಿ. ಸ್ಲೈಡಿನಲ್ಲಿ ಅವೇ ಜಾಸ್ತಿ. ದುಂಡಗಿನ ಕೋಶಕೇಂದ್ರ, ಅದರೊಳಗೆ ಕಾಳುಕಾಳಾದ ಬಣ್ಣ. ನೋಡಲು ಏನೂ ನಡೆಯದಂತಿದೆ. ಆದರೆ ಮುಖ್ಯವಾದ ತೀರ್ಮಾನಗಳೆಲ್ಲ ಆಗುವುದು ಇಲ್ಲೇ.

ಇಂಟರ್‌ಫೇಸ್‌ನಲ್ಲಿ ಮೂರು ಭಾಗ. ಜಿ1ರಲ್ಲಿ ಕೋಶ ಬೆಳೆಯುತ್ತದೆ, ಮುಂದೆ ಹೋಗುವುದೋ ಬೇಡವೋ ನಿರ್ಧಾರವಾಗುತ್ತದೆ. ಎಸ್ ಹಂತದಲ್ಲಿ ಡಿಎನ್ಎಯ ಇನ್ನೊಂದು ಪ್ರತಿ ತಯಾರಾಗುತ್ತದೆ. ಜಿ2ರಲ್ಲಿ ವಿಭಜನೆಗೆ ಸಿದ್ಧತೆ. ನಿಮ್ಮ ಸ್ಲೈಡಿನಲ್ಲಿ ಇವನ್ನು ಪೂರ್ತಿ ಬೇರೆ ಮಾಡಲು ಆಗುವುದಿಲ್ಲ. ಎರಡು ಇಂಟರ್‌ಫೇಸ್ ಕೋಶಕೇಂದ್ರ ಅಕ್ಕಪಕ್ಕ ಇದ್ದು ಒಂದು ಎದ್ದು ಕಾಣುವಷ್ಟು ದೊಡ್ಡದಿದ್ದರೆ, ಅದು ಪ್ರತಿ ಮುಗಿಸಿ ಜಿ2 ತಲುಪಿರಬಹುದು ಅಂತ ಊಹಿಸಬಹುದು, ಅಷ್ಟೇ.

ಕೋಶವನ್ನು ಮುಂದಕ್ಕೆ ತಳ್ಳುವ ಕಿಣ್ವಕ್ಕೆ ಸಿಡಿಕೆ ಅಂತ ಹೆಸರು. ಅದು ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಕೂತ ಪ್ರೋಟೀನ್ ತನ್ನ ನಡತೆ ಬದಲಿಸುತ್ತದೆ. ಆದರೆ ಸಿಡಿಕೆ ಒಂಟಿಯಾಗಿ ಏನೂ ಮಾಡಲಾರದು. ಬ್ಯಾಂಕ್ ಲಾಕರ್ ತೆರೆಯಲು ಗ್ರಾಹಕರದೊಂದು, ಬ್ಯಾಂಕಿನದೊಂದು, ಎರಡು ಕೀಲಿ ಬೇಕಲ್ವಾ? ಇಲ್ಲೂ ಹಾಗೇ. ಮೊದಲನೆಯದು ಸೈಕ್ಲಿನ್ ಎಂಬ ಪ್ರೋಟೀನ್ ಬಂದು ಕೂಡಿಕೊಳ್ಳುವುದು. ಎರಡನೆಯದು ಇನ್ನೊಂದು ಕಿಣ್ವ ಬಂದು ಸಿಡಿಕೆಯ ಮೇಲೇ ಸರಿಯಾದ ಜಾಗದಲ್ಲಿ ಫಾಸ್ಫೇಟ್ ಇಡುವುದು. ಎರಡೂ ಆದಾಗಲೇ ಕೆಲಸ ಶುರು.

ಸೈಕ್ಲಿನ್ ಸಿಕ್ಕಿದ್ದು ಗಿಡದಲ್ಲಿ ಅಲ್ಲ. 1982ರಲ್ಲಿ ಟಿಮ್ ಹಂಟ್ ಎಂಬ ವಿಜ್ಞಾನಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಸಮುದ್ರದ ಅರ್ಚಿನ್ ಎಂಬ ಪ್ರಾಣಿಯ ಮೊಟ್ಟೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ಪ್ರೋಟೀನ್ ಮೆಲ್ಲಗೆ ಹೆಚ್ಚುತ್ತಾ ಹೋಗಿ, ಪ್ರತಿ ವಿಭಜನೆಯ ಹೊತ್ತಿಗೆ ದಿಢೀರನೆ ಮಾಯವಾಗುವುದು ಅವರಿಗೆ ಕಂಡಿತು. ಅದೇ ಸೈಕ್ಲಿನ್. 2001ರ ವೈದ್ಯಕೀಯ ನೊಬೆಲ್ ಅವರಿಗೂ ಲೀಲ್ಯಾಂಡ್ ಹಾರ್ಟ್‌ವೆಲ್, ಪಾಲ್ ನರ್ಸ್ ಅವರಿಗೂ ಬಂತು. ಗಿಡಗಳಲ್ಲಿ ಹುಡುಕಿದಾಗ ಈ ಕುಟುಂಬ ಇನ್ನೂ ದೊಡ್ಡದಾಗಿತ್ತು. ಮನುಷ್ಯನಲ್ಲಿ ಡಿ ಬಗೆಯ ಸೈಕ್ಲಿನ್ 3, ಪುಟ್ಟ ಗಿಡವಾದ ಅರಬಿಡಾಪ್ಸಿಸ್‌ನಲ್ಲಿ 10. ಗಿಡ ಓಡಿಹೋಗಲಾರದು. ನೆರಳು, ಬರ, ಚಳಿ, ಗಾಯ ಎಲ್ಲಕ್ಕೂ ಇದ್ದಲ್ಲೇ ಬೆಳವಣಿಗೆ ಬದಲಿಸಿಕೊಂಡು ಉತ್ತರ ಕೊಡಬೇಕು. ಅದಕ್ಕೇ ಇಷ್ಟೊಂದು ಬಗೆ ಬೇಕಾಯಿತು ಅಂತ ನನಗೆ ಅನಿಸುತ್ತದೆ.

ಈಗ ಗೆಡ್ಡೆಯ ಸಕ್ಕರೆಗೆ ಬರೋಣ. ಅರಬಿಡಾಪ್ಸಿಸ್ ಕೋಶಗಳಿಗೆ ಸಕ್ಕರೆ ಸಿಕ್ಕಾಗ ಕೆಲವು ಡಿ ಸೈಕ್ಲಿನ್‌ಗಳು ಹೆಚ್ಚುತ್ತವೆ. ಸೈಟೊಕೈನಿನ್ ಹಾರ್ಮೋನ್ ಸಿಕ್ಕಾಗ ಸೈಕ್ಲಿನ್ ಡಿ3 ಹೆಚ್ಚುತ್ತದೆ. 1999ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟವಾಯಿತು. ಟೆಸ್ಟ್ ಟ್ಯೂಬಿನಲ್ಲಿ ಎಲೆಯ ತುಂಡಿನಿಂದ ಕ್ಯಾಲಸ್, ಅಂದರೆ ಆಕಾರವಿಲ್ಲದ ಕೋಶಗಳ ಮುದ್ದೆ, ಬರಬೇಕಾದರೆ ಸೈಟೊಕೈನಿನ್ ಹಾಕಲೇಬೇಕು. ಆದರೆ ಡಿ3 ಸದಾ ತಯಾರಾಗುವಂತೆ ಮಾಡಿದ ಗಿಡದ ಎಲೆ, ಹೊರಗಿನಿಂದ ಸೈಟೊಕೈನಿನ್ ಕೊಡದಿದ್ದರೂ ಕ್ಯಾಲಸ್ ಕೊಟ್ಟಿತು. ಅಂದರೆ ಹಾರ್ಮೋನ್ ಹೇಳಬೇಕಾದ ಮಾತನ್ನು ಒಂದು ಪ್ರೋಟೀನೇ ಹೇಳಿಬಿಟ್ಟಿತು. ನಮ್ಮಲ್ಲಿ ಬಾಳೆಯ ಟಿಶ್ಯೂ ಕಲ್ಚರ್ ಸಸಿ ತಯಾರಿಸುವ ಲ್ಯಾಬ್‌ಗಳಲ್ಲಿ ಸೈಟೊಕೈನಿನ್ ಅಳೆದು ಹಾಕುತ್ತಾರಲ್ಲ, ಅಲ್ಲೂ ಹಾರ್ಮೋನ್ ಕೆಲಸ ಮಾಡುವುದು ಇಂಥ ಪ್ರೋಟೀನ್‌ಗಳ ಮೂಲಕವೇ. ಒಂದು ಎಚ್ಚರ: ಬೇರಿನಲ್ಲಿ ಕಥೆ ಬೇರೆ. ಅಲ್ಲಿ ಸೈಟೊಕೈನಿನ್ ಜಾಸ್ತಿಯಾದರೆ ವಿಭಜನೆಯ ವಲಯವೇ ಚಿಕ್ಕದಾಗುತ್ತದೆ. ಬೇರಿನ ತುದಿಯನ್ನು ವಿಭಜನೆಯಲ್ಲಿ ಇಡುವುದರಲ್ಲಿ ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನಿನದು ದೊಡ್ಡ ಪಾತ್ರ.

ಡಿ ಸೈಕ್ಲಿನ್ ಜೊತೆ ಸೇರಿದ ಸಿಡಿಕೆ ಯಾರಿಗೆ ಫಾಸ್ಫೇಟ್ ಅಂಟಿಸುತ್ತದೆ? ಆರ್‌ಬಿಆರ್ ಎಂಬ ಪ್ರೋಟೀನಿಗೆ. ಇದರ ಕೆಲಸ ತಡೆಯುವುದು. ಡಿಎನ್ಎ ಪ್ರತಿ ಮಾಡಲು ಬೇಕಾದ ಜೀನ್‌ಗಳನ್ನು ಚಾಲೂ ಮಾಡುವ ಇ2ಎಫ್ ಎಂಬ ಪ್ರೋಟೀನನ್ನು ಆರ್‌ಬಿಆರ್ ಹಿಡಿದಿಟ್ಟುಕೊಂಡಿರುತ್ತದೆ. ಫಾಸ್ಫೇಟ್ ಬಿದ್ದ ಮೇಲೆ ಬಿಟ್ಟುಬಿಡುತ್ತದೆ. ಇ2ಎಫ್ ಬಿಡುಗಡೆಯಾಯಿತು, ಕೋಶ ಎಸ್ ಹಂತಕ್ಕೆ ಹೊರಟಿತು. ಮಕ್ಕಳಿಗೆ ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮ ಎಂಬ ಕ್ಯಾನ್ಸರ್‌ನಲ್ಲಿ ಕೈಕೊಟ್ಟಿರುವುದು ಮನುಷ್ಯನಲ್ಲಿರುವ ಇದೇ ಕುಟುಂಬದ ಪ್ರೋಟೀನ್. ಅರಬಿಡಾಪ್ಸಿಸ್ ಹೂವಿನ ಭ್ರೂಣಚೀಲದಲ್ಲಿ ಆರ್‌ಬಿಆರ್ ಇಲ್ಲದಿದ್ದರೆ ಕೋಶಕೇಂದ್ರಗಳು ನಿಲ್ಲಬೇಕಾದಲ್ಲಿ ನಿಲ್ಲದೆ ಹೆಚ್ಚುತ್ತಲೇ ಹೋಗುತ್ತವೆ, ಸರಿಯಾದ ಬೀಜ ಕಟ್ಟುವುದಿಲ್ಲ. ಈರುಳ್ಳಿ ಬೇರಿಗೂ ಮಗುವಿನ ಕಣ್ಣಿಗೂ ಇಂಥ ನಂಟಿದೆ ಅಂತ ತಿಳಿದಾಗಿನಿಂದ ಈ ಸ್ಲೈಡನ್ನು ನಾನು ಬೇರೆಯೇ ಗೌರವದಿಂದ ನೋಡುತ್ತೇನೆ.

ತಡೆಯುವವರು ಇನ್ನೂ ಇದ್ದಾರೆ. ಕೆಆರ್‌ಪಿ ಎಂಬ ಗುಂಪಿನ ಪ್ರೋಟೀನ್‌ಗಳು ನೇರವಾಗಿ ಸಿಡಿಕೆ-ಸೈಕ್ಲಿನ್ ಜೋಡಿಗೇ ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಅರಬಿಡಾಪ್ಸಿಸ್‌ನಲ್ಲಿ ಇಂಥವು 7. ಇವನ್ನು ಬೇಕೆಂದೇ ಜಾಸ್ತಿ ಮಾಡಿದ ಗಿಡಗಳಲ್ಲಿ ಎಲೆ ಚಿಕ್ಕದಾಯಿತು, ಅಂಚು ಗರಗಸದಂತಾಯಿತು. ಎಲೆಯಲ್ಲಿ ಕೋಶಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದು ಕೋಶವೂ ಮಾಮೂಲಿಗಿಂತ ದೊಡ್ಡದು. ಸಂಖ್ಯೆ ಕಡಿಮೆಯಾದದ್ದನ್ನು ಗಿಡ ಗಾತ್ರದಲ್ಲಿ ಸರಿದೂಗಿಸಲು ನೋಡಿತ್ತು.

ಜಿ2ರಲ್ಲಿ ಗಿಡಗಳ ಸ್ವಂತದ್ದೊಂದು ವಿಶೇಷ ಇದೆ. ಸಿಡಿಕೆ-ಬಿ ಎಂಬ ಬಗೆ ಪ್ರಾಣಿಗಳಲ್ಲಿ ಇಲ್ಲವೇ ಇಲ್ಲ. ವಿಭಜನೆ ಹತ್ತಿರ ಬಂದಾಗ ಇದು ಹೆಚ್ಚುತ್ತದೆ. ಈ ಹೊತ್ತಿಗೆ ಬೇಕಾದ ಜೀನ್‌ಗಳನ್ನೆಲ್ಲ ಮಿಬ್3ಆರ್ ಕುಟುಂಬದ ಪ್ರೋಟೀನ್‌ಗಳು ಒಟ್ಟಿಗೆ ನೋಡಿಕೊಳ್ಳುತ್ತವೆ. ಅವುಗಳಲ್ಲೇ ಕೆಲವು ಚಾಲೂ ಮಾಡುವಂಥವು, ಕೆಲವು ಆಫ್ ಮಾಡುವಂಥವು.

ಹಂತ 5: ವಿಭಜನೆಯಲ್ಲಿರುವ ಕೋಶಗಳು

ಪ್ರೋಫೇಸ್‌ನಲ್ಲಿ ಕಾಳುಕಾಳು ಬಣ್ಣ ಹೋಗಿ ದಾರದಂಥ ಎಳೆಗಳು ಕಾಣುತ್ತವೆ. ಉದ್ದನೆಯ ಡಿಎನ್ಎಯನ್ನು ಮಡಚಿ ಗಿಡ್ಡ ಮಾಡುವುದು ಕಂಡೆನ್ಸಿನ್ ಎಂಬ ಪ್ರೋಟೀನ್. ಈ ಹಂತದಲ್ಲಿ ನಿಮ್ಮ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ನಡೆದಿರುತ್ತದೆ. ಮುಂದೆ ಹೊಸ ಗೋಡೆ ಎಲ್ಲಿ ಬಂದು ಸೇರಬೇಕೋ ಆ ಜಾಗದಲ್ಲಿ ಕೋಶದ ಸುತ್ತ ಮೈಕ್ರೋಟ್ಯೂಬ್ಯೂಲ್‌ಗಳ (ಪ್ರೋಟೀನಿನ ಸೂಕ್ಷ್ಮ ಕೊಳವೆಗಳ) ಪಟ್ಟಿಯೊಂದು ಮೂಡಿ, ವಿಭಜನೆ ಶುರುವಾಗುವಷ್ಟರಲ್ಲಿ ಅಳಿಸಿಹೋಗುತ್ತದೆ. 1966ರಲ್ಲಿ ಪಿಕೆಟ್-ಹೀಪ್ಸ್ ಮತ್ತು ನಾರ್ತ್‌ಕೋಟ್ ಎಂಬ ವಿಜ್ಞಾನಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದನ್ನು ಕಂಡರು. ಪಟ್ಟಿ ಹೋದರೂ ಗುರುತು ಉಳಿಯುತ್ತದೆ. ಆ ಗುರುತು ಉಳಿಸುವ ಪ್ರೋಟೀನ್‌ಗಳಲ್ಲಿ ಟ್ಯಾಂಗಲ್ಡ್ ಒಂದು. ಅದು ಕೆಟ್ಟ ಮೆಕ್ಕೆಜೋಳದ ಎಲೆಯಲ್ಲಿ ಗೋಡೆಗಳು ಅಡ್ಡಾದಿಡ್ಡಿ ಬಂದಿರುತ್ತವೆ.

ಮೆಟಾಫೇಸ್‌ನಲ್ಲಿ ಕ್ರೋಮೋಸೋಮ್‌ಗಳು ನಡುವೆ ಸಾಲಾಗಿ ನಿಲ್ಲುತ್ತವೆ. ಪಠ್ಯಪುಸ್ತಕದ ಪ್ರಾಣಿಕೋಶದ ಚಿತ್ರ ನೋಡಿ ಎರಡು ತುದಿಯಲ್ಲಿ ಸೆಂಟ್ರಿಯೋಲ್ ಹುಡುಕಬೇಡಿ. ಹೂ ಬಿಡುವ ಗಿಡಗಳಲ್ಲಿ ಅದಿಲ್ಲ. ಈ ಹಂತ ಕಾಯುವ ಹಂತ. ಪ್ರತಿ ಕ್ರೋಮೋಸೋಮಿಗೂ ಎರಡೂ ಕಡೆಯಿಂದ ಎಳೆಯುವ ಮೈಕ್ರೋಟ್ಯೂಬ್ಯೂಲ್‌ಗಳು ಸರಿಯಾಗಿ ಸಿಕ್ಕಿಕೊಂಡಿವೆಯೇ ಅಂತ ಮ್ಯಾಡ್2 ಮುಂತಾದ ಪ್ರೋಟೀನ್‌ಗಳು ನೋಡುತ್ತವೆ. ಒಂದಕ್ಕೆ ಸಿಕ್ಕದಿದ್ದರೂ ಮುಂದಕ್ಕೆ ಬಿಡುವುದಿಲ್ಲ.

ಎಲ್ಲ ಸರಿಯಾದ ಮೇಲೆ ಎಪಿಸಿ ಎಂಬ ದೊಡ್ಡ ಪ್ರೋಟೀನ್ ಕೂಟಕ್ಕೆ ಕೆಲಸ ಶುರುಮಾಡಲು ಅಪ್ಪಣೆ ಸಿಗುತ್ತದೆ. ಇದು ಯಾವ ಪ್ರೋಟೀನ್ ನಾಶವಾಗಬೇಕೋ ಅದಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸುತ್ತದೆ. ಗುರುತು ಬಿದ್ದದ್ದು ನಾಶ. ಇಲ್ಲಿ ಎರಡು ಮುಖ್ಯ ಪ್ರೋಟೀನ್ ನಾಶವಾಗುತ್ತವೆ. ಒಂದು ಸೆಕ್ಯೂರಿನ್, ಅರಬಿಡಾಪ್ಸಿಸ್‌ನಲ್ಲಿ ಆ ಕೆಲಸ ಪ್ಯಾಟ್ರೊನಸ್ ಎಂಬ ಪ್ರೋಟೀನಿನದು. ಅದು ಹೋದ ತಕ್ಷಣ, ಅದುವರೆಗೆ ಅದು ಕಟ್ಟಿಹಾಕಿದ್ದ ಸೆಪರೇಸ್ ಎಂಬ ಕಿಣ್ವ ಬಿಡುಗಡೆಯಾಗಿ, ಕ್ರೋಮೋಸೋಮಿನ ಜೋಡಿ ಎಳೆಗಳನ್ನು ಹಿಡಿದಿಟ್ಟ ಕೊಹೆಸಿನ್ ಪ್ರೋಟೀನನ್ನು ಕತ್ತರಿಸುತ್ತದೆ. ಎಳೆಗಳು ಬೇರೆಯಾಗಿ ಎರಡು ಕಡೆಗೆ ಸರಿಯುತ್ತವೆ. ಅದೇ ಅನಾಫೇಸ್. ಇನ್ನೊಂದು ಸೈಕ್ಲಿನ್ ಬಿ. ಅದು ಹೋದದ್ದರಿಂದ ಸಿಡಿಕೆ ನಿಲ್ಲುತ್ತದೆ, ಕೋಶ ವಿಭಜನೆಯಿಂದ ಹೊರಬರುತ್ತದೆ. ಹಂಟ್ ಕಂಡ ದಿಢೀರ್ ಮಾಯ ಇದೇ. ಅನಾಫೇಸ್ ಬೇಗ ಮುಗಿಯುತ್ತದೆ, ಅದಕ್ಕೇ ಸ್ಲೈಡಿನಲ್ಲಿ ಅದು ಕಡಿಮೆ. ಸಿಕ್ಕರೆ ತಾಳ್ಮೆಯಿಂದ ನೋಡಿ, ಫೋಟೊ ತೆಗೆದುಕೊಳ್ಳಿ.

ಟೀಲೋಫೇಸ್‌ನಲ್ಲಿ ಎರಡು ಕೋಶಕೇಂದ್ರಗಳ ನಡುವೆ ತೆಳುವಾದ ಗೆರೆ ಕಾಣಬಹುದು. ಫೈನ್ ಫೋಕಸ್ ತಿರುಗಿಸುತ್ತಾ ಹುಡುಕಿ. ಪ್ರಾಣಿಕೋಶ ಹೊರಗಿನಿಂದ ಒಳಕ್ಕೆ ಹಿಸುಕಿಕೊಂಡು ಎರಡಾಗುತ್ತದೆ. ಗಿಡದ ಕೋಶದಲ್ಲಿ ಗೋಡೆ ನಡುವಿನಿಂದ ಶುರುವಾಗಿ ಅಂಚಿನ ಕಡೆ ಬೆಳೆಯುತ್ತದೆ. ಗೋಡೆಗೆ ಬೇಕಾದ ಸಾಮಾನು ಪುಟ್ಟ ಪುಟ್ಟ ಚೀಲಗಳಲ್ಲಿ ಬಂದು ಒಂದಕ್ಕೊಂದು ಬೆಸೆಯುತ್ತದೆ. ಬೆಸೆಯಲು ನೋಲೆ ಎಂಬ ಪ್ರೋಟೀನ್ ಬೇಕು. ಅದಿಲ್ಲದ ಅರಬಿಡಾಪ್ಸಿಸ್ ಭ್ರೂಣದಲ್ಲಿ ಅರೆಬರೆ ಗೋಡೆಗಳು, ಒಂದೇ ಕೋಶದಲ್ಲಿ ಒಂದಕ್ಕಿಂತ ಜಾಸ್ತಿ ಕೋಶಕೇಂದ್ರಗಳು ಸಿಗುತ್ತವೆ. ನೋಲೆ ಜೀನನ್ನು ಚಾಲೂ ಮಾಡುವುದೂ ಆಗ ಹೇಳಿದ ಮಿಬ್3ಆರ್ ಪ್ರೋಟೀನ್‌ಗಳೇ.

ಹಂತ 6: ಎಣಿಸುವುದು

ಚಂದದ ಕೋಶಗಳನ್ನು ಆರಿಸಿ ಎಣಿಸಬಾರದು. ಒಂದು ಮೂಲೆಯಿಂದ ಶುರುಮಾಡಿ, ಕಣ್ಣಿಗೆ ಬಿದ್ದ ಪ್ರತಿ ಕೋಶವನ್ನೂ ಯಾವುದೋ ಒಂದು ಹಂತಕ್ಕೆ ಸೇರಿಸುತ್ತಾ ಹೋಗಿ. ಒಟ್ಟು 500 ಆದರೂ ಇರಲಿ. ವಿಭಜನೆಯಲ್ಲಿರುವ ಕೋಶಗಳನ್ನು ಒಟ್ಟು ಕೋಶಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಮೈಟಾಟಿಕ್ ಇಂಡೆಕ್ಸ್. 500ರಲ್ಲಿ 40 ಸಿಕ್ಕರೆ ಶೇ. 8. ಯಾವ ಹಂತದಲ್ಲಿ ಜಾಸ್ತಿ ಕೋಶ ಇದೆಯೋ ಆ ಹಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಅಂದಾಜಿಗೆ ಹೇಳಬಹುದು.

ಇದಕ್ಕಿಂತ ನಿಖರವಾಗಿ ನೋಡಬೇಕಾದರೆ ವಿಜ್ಞಾನಿಗಳು ಪ್ರೋಟೀನಿಗೇ ಬಣ್ಣ ಕಟ್ಟುತ್ತಾರೆ. 2020ರಲ್ಲಿ ಅರಬಿಡಾಪ್ಸಿಸ್‌ಗೆ ಬಂದ ಒಂದು ವಿಧಾನದಲ್ಲಿ ಮೂರು ಪ್ರೋಟೀನಿಗೆ ಮೂರು ಹೊಳೆಯುವ ಬಣ್ಣ. ಜಿ1, ಎಸ್, ಜಿ2 ಹಂತಗಳು ಬದುಕಿರುವ ಬೇರಿನಲ್ಲೇ ಬೇರೆ ಬೇರೆಯಾಗಿ ಕಾಣುತ್ತವೆ. ಜಿ2 ಮತ್ತು ವಿಭಜನೆಗೆ ಗುರುತಾಗಿ ಆರಿಸಿಕೊಂಡದ್ದು ಸೈಕ್ಲಿನ್ ಬಿ ಬಗೆಯ ಒಂದು ಪ್ರೋಟೀನನ್ನು.

ಹಂತ 7: ಪ್ರೋಟೀನ್‌ಗಳ ತಡೆಯನ್ನು ನೀವೇ ಪರೀಕ್ಷಿಸುವುದು

ಈರುಳ್ಳಿಗಳಿಗೆ ಬರೀ ನೀರಿನಲ್ಲಿ ಬೇರು ಬರಿಸಿ. ಆಮೇಲೆ ಅರ್ಧದಷ್ಟನ್ನು ಹಾಗೇ ಬಿಟ್ಟು, ಮಿಕ್ಕದ್ದನ್ನು ಲೀಟರಿಗೆ 5 ಗ್ರಾಂ ಉಪ್ಪು ಹಾಕಿದ ನೀರಿಗೆ 24 ಗಂಟೆ ಬದಲಾಯಿಸಿ. ಎರಡನ್ನೂ ಒಂದೇ ಹೊತ್ತಿಗೆ ಕತ್ತರಿಸಿ, ಒಂದೇ ರೀತಿ ಸ್ಲೈಡ್ ಮಾಡಿ ಎಣಿಸಿ. ಅರಬಿಡಾಪ್ಸಿಸ್ ಬೇರಿಗೆ ಉಪ್ಪು ತಾಗಿದಾಗ ಸಿಡಿಕೆಯ ಚಟುವಟಿಕೆ ಇಳಿದು, ವಿಭಜನೆಯ ವಲಯ ಕಿರಿದಾಗುವುದು ಕಂಡುಬಂದಿದೆ. ನಿಮ್ಮ ಎರಡು ಇಂಡೆಕ್ಸ್‌ಗಳ ನಡುವಿನ ವ್ಯತ್ಯಾಸ ಆ ದೃಷ್ಟಿಯಿಂದ ಓದಿ. ಚೌಳು ಮಣ್ಣಿನ ಹೊಲದಲ್ಲಿ ಬೇರು ಚೆನ್ನಾಗಿ ಇಳಿಯದಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಪರೀಕ್ಷೆಯಲ್ಲಿ ಉಪ್ಪುನೀರಿನ ಬದಲು ನಿಮ್ಮೂರ ಕೆರೆ ಅಥವಾ ಮೋರಿ ನೀರು. 1938ರಲ್ಲಿ ಆಲ್ಬರ್ಟ್ ಲೆವಾನ್ ಎಂಬ ವಿಜ್ಞಾನಿ ಈರುಳ್ಳಿ ಬೇರಿನ ಮೇಲೆ ಕಾಲ್ಚಿಸಿನ್ ಎಂಬ ವಿಷದ ಪರಿಣಾಮ ನೋಡಿದ್ದರು. ಅಲ್ಲಿಂದ ಬೆಳೆದ ವಿಧಾನವನ್ನು ಇವತ್ತಿಗೂ ಕೊಳೆ ನೀರಿನ ಪರೀಕ್ಷೆಗೆ ಬಳಸುತ್ತಾರೆ. ಡಿಎನ್ಎಗೆ ಪೆಟ್ಟುಬಿದ್ದರೆ ಗಿಡದ ಕೋಶದಲ್ಲಿ ಸಾಗ್1 ಎಂಬ ಪ್ರೋಟೀನ್ ಎಚ್ಚರಗೊಳ್ಳುತ್ತದೆ. ಪ್ರಾಣಿಗಳಲ್ಲಿ ಪಿ53 ಎಂಬ ಪ್ರೋಟೀನ್ ಮಾಡುವ ಕೆಲಸ ಗಿಡದಲ್ಲಿ ಇದರದು. ವಿಭಜನೆ ತಡೆದು, ರಿಪೇರಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ವೀ1 ಎಂಬ ಕಿಣ್ವವೂ ಈ ಹೊತ್ತಿನಲ್ಲಿ ಕೋಶವನ್ನು ತಡೆಯುತ್ತದೆ. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳೆಯದಿರಲಿ ಅಂತ ಕಡಿಮೆ ಪ್ರಮಾಣದ ಗಾಮಾ ಕಿರಣ ಹಾಯಿಸುವ ಘಟಕ ಇದೆ. ಅಲ್ಲಿ ಆಗುವುದೂ ಡಿಎನ್ಎಗೆ ಪೆಟ್ಟು, ಮೊಳಕೆ ತುದಿಯಲ್ಲಿ ವಿಭಜನೆ ಬಂದ್.

ಕೊಳೆ ನೀರಿನ ಸ್ಲೈಡಿನಲ್ಲಿ ಇಂಡೆಕ್ಸ್ ಜೊತೆಗೆ ಮೂರು ಗುರುತು ಹುಡುಕಿ. ಅನಾಫೇಸ್‌ನಲ್ಲಿ ಎರಡು ಗುಂಪಿನ ನಡುವೆ ಎಳೆ ಹಾಯ್ದಿದ್ದರೆ ಅದು ಸೇತುವೆ. ಗುಂಪಿನಿಂದ ಹೊರಗೆ ಬಿದ್ದ ಚೂರು ಇದ್ದರೆ ಅದು ಮುರಿದ ಅಥವಾ ಹಿಂದುಳಿದ ಕ್ರೋಮೋಸೋಮ್. ಇಂಟರ್‌ಫೇಸ್‌ನಲ್ಲಿ ದೊಡ್ಡ ಕೋಶಕೇಂದ್ರದ ಪಕ್ಕದಲ್ಲೇ ಪುಟ್ಟದೊಂದು ಕಂಡರೆ ಅದು ಮೈಕ್ರೋನ್ಯೂಕ್ಲಿಯಸ್. ತಡೆಯುವ ಪ್ರೋಟೀನ್‌ಗಳನ್ನು ದಾಟಿಯೂ ತಪ್ಪು ಮುಂದೆ ಹೋಗಿದೆ ಅನ್ನೋದಕ್ಕೆ ಇವು ಸಾಕ್ಷಿ. ಒಂದೆರಡು ಸಿಕ್ಕಿತು ಅಂತ ನೀರು ವಿಷ ಅಂತ ಬರೆಯಬೇಡಿ. ಒಳ್ಳೇ ನೀರಿನ ಬೇರಿನಲ್ಲೂ ಅಪರೂಪಕ್ಕೆ ಇವು ಇರುತ್ತವೆ. ಎರಡೂ ಗುಂಪಿನಲ್ಲಿ ಕನಿಷ್ಠ ಐದು ಬೇರು ಎಣಿಸಿ ಹೋಲಿಸಿ. ಯಾವ ಸ್ಲೈಡ್ ಯಾವ ನೀರಿನದು ಅಂತ ಗೊತ್ತಾಗದಂತೆ ಲೇಬಲ್ ಮುಚ್ಚಿ, ಎಣಿಸುವ ಕೆಲಸ ಸ್ನೇಹಿತರಿಗೆ ಕೊಡಿ. ಸ್ಲೈಡ್ ಒಂದೆರಡು ದಿನ ಇಟ್ಟುಕೊಳ್ಳಬೇಕಾದರೆ ಕವರ್‌ಸ್ಲಿಪ್ಪಿನ ನಾಲ್ಕೂ ಅಂಚಿಗೆ ನೇಲ್ ಪಾಲಿಶ್ ಹಚ್ಚಿ, ಬಣ್ಣ ಒಣಗುವುದಿಲ್ಲ.